ಹೊಳೆಗೂ ಒಂದು ಲೆಕ್ಕದ ಪುಸ್ತಕ

ನಮ್ಮ ಕೊಕ್ಕರ್ಣೆಯ ಕಡೆ ಹೊಳೆ ಎಂದರೆ ಸೀತಾನದಿ. ಆಗುಂಬೆ ಬಳಿಯ ಘಟ್ಟದಲ್ಲಿ ಹುಟ್ಟಿ, ಕಾಡು ದಾಟಿ ಹೆಬ್ರಿಯ ಕಡೆಗೆ ಇಳಿದು, ನೀಲಾವರ, ಬಾರ್ಕೂರುಗಳನ್ನು ನೋಡಿಕೊಂಡು, ಕೋಡಿ ಬೆಂಗ್ರೆಯ ಹತ್ತಿರ ಸ್ವರ್ಣಾ ನದಿಯ ಜೊತೆಗೂಡಿ ಕಡಲಿಗೆ ಸೇರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು, ಬೇಸಗೆಯಲ್ಲಿ ತಿಳಿ ನೀರು. ಊರಿನ ಹೆಸರಿನಲ್ಲೇ ಕೊಕ್ಕರೆ ಇದ್ದ ಹಾಗೆ ಕೇಳಿಸುತ್ತದಲ್ಲ, ಆ ಹಕ್ಕಿ ಗದ್ದೆಯಲ್ಲೂ ಹೊಳೆಯಂಚಿನಲ್ಲೂ ಒಂಟಿ ಕಾಲಿನಲ್ಲಿ ನಿಂತಿರುವುದನ್ನು ನೀವು ಈಗಲೂ ಕಾಣಬಹುದು.

ಹಳ್ಳಿಮನೆಯಲ್ಲಿ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಬಚ್ಚಲಿನ ಹಿಂದೆ ಬಾಳೆಯ ಬುಡ, ಅದರ ಪಕ್ಕ ಕೆಸುವಿನ ಎಲೆ, ಅದರಾಚೆ ತೆಂಗಿನ ಕಟ್ಟೆ. ಮಿಂದ ನೀರು, ಪಾತ್ರೆ ತೊಳೆದ ನೀರು ಎಲ್ಲ ಅಲ್ಲಿಗೇ. ಬಾಳೆ ಕುಡಿಯಿತು, ಮಣ್ಣು ಸೋಸಿತು, ಲೆಕ್ಕ ಮುಗಿಯಿತು. ಹಿಂದಿನವರು ಬಚ್ಚಲಿನ ಜಾಗ ನೋಡುವಾಗ ಬಾವಿ ಯಾವ ದಿಕ್ಕಿಗೆ, ನೆಲದ ಇಳಿಜಾರು ಯಾವ ಕಡೆಗೆ ಎಂದು ನೋಡಿಯೇ ಗುದ್ದಲಿ ಹಾಕುತ್ತಿದ್ದರು.

ಪೇಟೆಯಲ್ಲಿ ಬಾಳೆಯ ಬುಡ ಇಲ್ಲ. ಹಾಗಾದರೆ ಅಲ್ಲಿಯ ನೀರು ಎಲ್ಲಿಗೆ ಹೋಗುತ್ತದೆ? ಈಚೆಗೆ ಒಂದು ಬೇಸಗೆಯಲ್ಲಿ ಇದನ್ನು ಕಣ್ಣಾರೆ ನೋಡಿ ಬರುವ ಅವಕಾಶ ನನಗೂ ಏಳನೇ ತರಗತಿಯ ನನ್ನ ಮೊಮ್ಮಗನಿಗೂ ಸಿಕ್ಕಿತು. ಪ್ರವಾಸ ಎಂದರೆ ಜಲಪಾತ, ಕೋಟೆ, ದೇವಸ್ಥಾನ ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಅಲ್ಲಿ ನೋಡುವುದಕ್ಕೆ ಇರುವುದು ಕೋಟೆಗಿಂತ ಕಡಿಮೆಯೇನಲ್ಲ.

ಮೊದಲು ಒಂದು ಲೆಕ್ಕ

ಮಕ್ಕಳೇ, ಹೊರಡುವ ಮೊದಲು ಒಂದು ಲೆಕ್ಕ ಮಾಡೋಣ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂದು ನಮ್ಮ ದೇಶದ ಎಂಜಿನಿಯರುಗಳು ಇಟ್ಟುಕೊಂಡ ಅಂದಾಜು. ಅದರಲ್ಲಿ ನೂರಕ್ಕೆ 80 ಪಾಲು, ಎಂದರೆ 108 ಲೀಟರ್, ಬಳಸಿದ ನೀರಾಗಿ ಹೊರಗೆ ಹೋಗುತ್ತದೆ. ಊರಿನಲ್ಲಿ 50,000 ಜನ ಇದ್ದರೆ ದಿನಕ್ಕೆ 54 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ 900 ಟ್ಯಾಂಕರು. ಪ್ರತಿದಿನ, ಭಾನುವಾರವೂ, ಹಬ್ಬದ ದಿನವೂ.

ಇದರಲ್ಲಿ ಕೊಳೆ ಎಷ್ಟು ಗೊತ್ತೇ? ಸಾವಿರ ಪಾಲಿನಲ್ಲಿ 999 ಪಾಲು ಬರೀ ನೀರು, ಉಳಿದ ಒಂದು ಪಾಲು ಮಾತ್ರ ಕೊಳೆ. ಆ ಒಂದು ಪಾಲನ್ನು ತೆಗೆಯುವುದಕ್ಕೇ ಇಷ್ಟು ದೊಡ್ಡ ಟ್ಯಾಂಕು, ಪಂಪು, ಪೈಪು. ಅದನ್ನೇ ಕೊಳಚೆ ನೀರು ಶುದ್ಧೀಕರಣ ಘಟಕ, ಚಿಕ್ಕದಾಗಿ ಎಸ್‌ಟಿಪಿ ಎನ್ನುವುದು.

ಹೋದದ್ದು ಯಾಕೆ

ಕರಾವಳಿಯ ಒಂದು ಪಟ್ಟಣ. ಹೆಸರು ಬೇಡ. ಮೇ ತಿಂಗಳ ಕೊನೆಯ ವಾರದ ಒಂದು ರಾತ್ರಿ ಗುಡುಗು ಮಳೆಗೆ ಅಲ್ಲಿ ಕರೆಂಟು ಹೋಯಿತು. ಕೊಳಚೆ ನೀರನ್ನು ಮೇಲೆತ್ತುವ ಪಂಪುಗಳು ನಿಂತವು. ಜನರೇಟರು ಶುರುವಾಗಲಿಲ್ಲ. ತುಂಬಿದ ಕೊಳಚೆ ಪಕ್ಕದ ತೋಡಿಗೆ ಉಕ್ಕಿ, ತೋಡಿನಿಂದ ಹೊಳೆಗೆ ಸೇರಿತು. ಬೆಳಿಗ್ಗೆ ಹೊಳೆಯ ಮೇಲೆ ಮೀನುಗಳು ಬಾಯಿ ತೆರೆದುಕೊಂಡು ತೇಲುತ್ತಿದ್ದವು. ಸುದ್ದಿಯಾಯಿತು, ಗಲಾಟೆಯಾಯಿತು. ತಪ್ಪು ರಾತ್ರಿ ಪಾಳಿಯ ಹುಡುಗನದು, ಅವನನ್ನು ಕೆಲಸದಿಂದ ತೆಗೆಯಿರಿ ಎಂದು ಜನ ಕೂಗಿದರು.

ಏನಾಯಿತು ಎಂದು ಪರಿಶೀಲಿಸಿ ವರದಿ ಕೊಡಲು ಹೇಳಿದ್ದು ಪರಿಸರ ಎಂಜಿನಿಯರ್ ಆಗಿ ನಿವೃತ್ತನಾದ ನನ್ನ ಸೋದರಳಿಯನಿಗೆ. ಅವನು ನನಗೆ ಫೋನ್ ಮಾಡಿದ. "ಮಾವಯ್ಯ, ಯಂತ್ರ ಎಲ್ಲ ನಾನ್ ಕಾಣ್ತೆ. ಅಲ್ಲಿ ಒಂದು ರಾಶಿ ರಿಜಿಸ್ಟರ್ ಇತ್ತ್. ಅದಕ್ಕೆ ನಿಮ್ಮ ಕಣ್ಣ್ ಬೇಕ್" ಎಂದ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದವನು, ಬರೆದದ್ದನ್ನು ತಪಾಸಣೆ ಮಾಡಿದವನು ನಾನು. ಬಿಕಾಂ ಓದಿದವನಿಗೆ ಕೊಳಚೆ ನೀರಿನಲ್ಲಿ ಏನು ಕೆಲಸ ಎಂದು ಮನೆಯಲ್ಲಿ ನಕ್ಕರು. ಶಾಲೆಗೆ ರಜೆ ಇದ್ದ ಮೊಮ್ಮಗ ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದ.

ಕಲ್ಸಂಕದಲ್ಲಿ ಒಂದು ಗಂಟೆ

ಉಡುಪಿಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಒಂದು ಗಂಟೆ ಸಮಯವಿದ್ದ ಕಾರಣ ಹುಡುಗನನ್ನು ಕಲ್ಸಂಕಕ್ಕೆ ಕರೆದುಕೊಂಡು ಹೋದೆ. ಕೃಷ್ಣಮಠಕ್ಕೆ ಹೋಗುವವರೆಲ್ಲ ದಾಟುವ ಜಾಗ. ಸಂಕ ಎಂದರೆ ಸಣ್ಣ ಸೇತುವೆ. ಕಲ್ಲಿನ ಸಂಕ, ಕಲ್ಸಂಕ. ಸಂಕ ಇದೆ ಎಂದ ಮೇಲೆ ಕೆಳಗೆ ನೀರು ಇರಲೇಬೇಕಲ್ಲ?

"ಅಜ್ಜಯ್ಯ, ಇದ್ ಚರಂಡಿ ಅಲ್ದಾ?" ಎಂದು ಕೇಳಿದ.

ಚರಂಡಿಯಲ್ಲ. ಅದಕ್ಕೆ ಇಂದ್ರಾಣಿ ಎಂಬ ಚಂದದ ಹೆಸರಿದೆ. ಇಂದ್ರಾಳಿಯ ಕಡೆಯಿಂದ ಬಂದು, ಕಲ್ಸಂಕದಲ್ಲಿ ಪೇಟೆಯ ನಡುವೆ ಹಾದು, ಕೊಡವೂರು, ಕಲ್ಮಾಡಿಯ ಮೂಲಕ ಮಲ್ಪೆಯ ಕಡೆಗೆ ಹೋಗುವ ಹೊಳೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಬಂದ ಮಹಾಮಳೆಗೆ ಈ ಭಾಗವೆಲ್ಲ ಮುಳುಗಿದಾಗ, ಇಲ್ಲೊಂದು ಹೊಳೆ ಇದೆ ಎಂದು ಅನೇಕರಿಗೆ ನೆನಪಾಯಿತು. ನಗರದ ಶುದ್ಧೀಕರಣ ಘಟಕ ನಿಟ್ಟೂರಿನಲ್ಲಿದೆ. ಪೇಟೆಯ ಕೊಳಚೆ ಈ ಹೊಳೆಗೆ ಸೇರುತ್ತಿದೆ, ಕೆಳಗಿನ ಊರುಗಳ ಬಾವಿಗಳು ಕೆಟ್ಟಿವೆ ಎಂಬ ದೂರುಗಳು ಪತ್ರಿಕೆಗಳಲ್ಲಿ ವರ್ಷಗಳಿಂದ ಬರುತ್ತಲೇ ಇವೆ.

ಹೊಳೆ ಕೆಟ್ಟರೆ ಬಾವಿ ಯಾಕೆ ಕೆಡಬೇಕು? ಇದು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರಬೇಕಾದ ವಿಷಯ. ನಮ್ಮ ನೆಲ ಮುರಕಲ್ಲಿನದು. ಮುರಕಲ್ಲನ್ನು ಕಡಿದಾಗ ನೋಡಿದ್ದೀರಲ್ಲ? ಮೈತುಂಬ ತೂತು. ಮಳೆ ನೀರು ಆ ತೂತುಗಳಲ್ಲಿ ಬೇಗ ಇಳಿದು ಬಾವಿಗೆ ಬರುತ್ತದೆ. ಅದೇ ದಾರಿಯಲ್ಲಿ ಕೊಳಚೆಯೂ ಬರುತ್ತದೆ. ಕಡಲಿನ ಹತ್ತಿರದಲ್ಲಿ ಹೊಯಿಗೆ, ಅಲ್ಲಿಯೂ ಹಾಗೆಯೇ. ಮನೆಗೊಂದು ಬಾವಿ ಇರುವ ನಾಡಿನಲ್ಲಿ ಹೊಳೆ ಎಂದರೆ ಎಲ್ಲರ ಬಾವಿಗಳಿಗೂ ಅಂಟಿಕೊಂಡ ಒಂದು ದೊಡ್ಡ ಬಾವಿ.

ಗೇಟಿನ ಒಳಗೆ

ನಾವು ಹೋಗಬೇಕಾದ ಪಟ್ಟಣ ತಲುಪುವಾಗ ಹತ್ತು ಗಂಟೆ. ಘಟಕ ಇದ್ದದ್ದು ಊರಿನ ತಗ್ಗಿನ ಕೊನೆಯಲ್ಲಿ. ನೀರು ತಗ್ಗಿಗೇ ಹರಿಯುವುದರಿಂದ ಇಂಥ ಘಟಕಗಳೆಲ್ಲ ಊರಿನ ತಗ್ಗಿನಲ್ಲಿ, ಹೊಳೆಯ ಹತ್ತಿರವೇ ಇರುತ್ತವೆ. ಅದು ಅನುಕೂಲವೂ ಹೌದು, ಅಪಾಯವೂ ಹೌದು.

ಅಳಿಯ ನಮಗೆ ರಬ್ಬರ್ ಬೂಟು ಕೊಟ್ಟ. ಹುಡುಗನಿಗೆ ಕಂಬಿಯ ಆಚೆ ಕೈ ಕೂಡ ಹಾಕಬಾರದು ಎಂದು ಆಣೆ ಹಾಕಿಸಿದ. ಮುಚ್ಚಿದ ಗುಂಡಿಗಳಲ್ಲಿ ಕಣ್ಣಿಗೆ ಕಾಣದ ವಿಷಗಾಳಿ ಇರುತ್ತದೆ. ಇಳಿದವರು ಒಂದೆರಡು ಉಸಿರಿನಲ್ಲೇ ಬೀಳುತ್ತಾರೆ. ಮನುಷ್ಯರನ್ನು ಇಂಥ ಅಪಾಯದ ಗುಂಡಿಗಳಿಗೆ ಇಳಿಸಿ ಬರಿಗೈಯಲ್ಲಿ ಸ್ವಚ್ಛ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ.

ಮೊದಲು ಕಂಡದ್ದು ಕಬ್ಬಿಣದ ಸರಳುಗಳ ಜರಡಿ. ಕೊಳಚೆಯ ಜೊತೆ ಬಂದ ಬಟ್ಟೆ, ಪ್ಲಾಸ್ಟಿಕ್, ಶಾಂಪೂ ಪೊಟ್ಟಣ, ಕೂದಲಿನ ಉಂಡೆ ಎಲ್ಲ ಅಲ್ಲಿ ಸಿಕ್ಕಿಬೀಳುತ್ತದೆ. ಆ ದಿನ ಒಂದು ಕ್ರಿಕೆಟ್ ಚೆಂಡೂ ಇತ್ತು. ವಾಸನೆ ಇದ್ದದ್ದು ಇಲ್ಲಿ ಮಾತ್ರ, ನಿಜವಾಗಿಯೂ ಜೋರಾಗಿತ್ತು. ಎರಡನೆಯದು ಮರಳು ತಂಗುವ ತೊಟ್ಟಿ. ನೀರನ್ನು ನಿಧಾನ ಮಾಡಿದರೆ ಭಾರದ ಮರಳು ತಾನಾಗಿ ಕೆಳಗೆ ಕೂರುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ದೊಡ್ಡ ಈಜುಕೊಳದಂಥ ತೊಟ್ಟಿ. ತಳದಿಂದ ಗಾಳಿಯ ಗುಳ್ಳೆಗಳು ಎದ್ದು ನೀರು ಕುದಿಯುವಂತೆ ಕಾಣುತ್ತದೆ. ಬಣ್ಣ ರಾಗಿ ಅಂಬಲಿಯದ್ದು. ಹುಡುಗ ಮೂಗು ಮುಚ್ಚಿಕೊಂಡೇ ಹತ್ತಿರ ಬಂದ, ಆಮೇಲೆ ಕೈ ತೆಗೆದ.

"ಅಜ್ಜಯ್ಯ, ಇಲ್ಲಿ ವಾಸ್ನಿಯೇ ಇಲ್ಲ!"

ಹೊಸ ಮಳೆ ಬಿದ್ದ ಮಣ್ಣಿನ ವಾಸನೆ ಇತ್ತು, ಅಷ್ಟೇ. ಅಳಿಯ ಹೇಳಿದ: "ಈ ಕಂದು ಬಣ್ಣ, ಈ ಮಣ್ಣಿನ ವಾಸನೆ ಇದ್ದರೆ ತೊಟ್ಟಿ ಆರೋಗ್ಯವಾಗಿದೆ ಎಂದರ್ಥ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗಿರುವವರಿಗೆ ಉಸಿರಾಡಲು ಗಾಳಿ ಸಾಲುತ್ತಿಲ್ಲ ಎಂದರ್ಥ."

ಒಳಗಿರುವವರು ಯಾರು? ಕಣ್ಣಿಗೆ ಕಾಣದ ಕೋಟಿ ಕೋಟಿ ಬ್ಯಾಕ್ಟೀರಿಯಾಗಳು. ಕೊಳೆಯೇ ಅವುಗಳ ಊಟ.

ಹೆಪ್ಪಿನ ಕಥೆ

ಈ ತೊಟ್ಟಿಯ ಹಿಂದೆ ಒಂದು ಕಥೆಯಿದೆ. 1858ರ ಬೇಸಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರಿತೆಂದರೆ, ದಡದಲ್ಲಿದ್ದ ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ಆಗ ದೊಡ್ಡ ಒಳಚರಂಡಿಗಳನ್ನು ಕಟ್ಟಿದರು. ಆದರೆ ಅವು ಕೊಳಚೆಯನ್ನು ಊರಿನಿಂದ ದೂರ ಕೊಂಡುಹೋದವೇ ಹೊರತು ಶುದ್ಧ ಮಾಡಲಿಲ್ಲ.

ಕೊಳಚೆಗೆ ಗಾಳಿ ಊದಿದರೆ ಅದು ಶುದ್ಧವಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಆದರೆ ಅದಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಮ್ಯಾಂಚೆಸ್ಟರಿನಲ್ಲಿ ಆರ್ಡನ್ ಮತ್ತು ಲಾಕೆಟ್ ಎಂಬ ಇಬ್ಬರು ಒಂದು ಸರಳ ಕೆಲಸ ಮಾಡಿದರು. ಕೊನೆಯಲ್ಲಿ ತಳದಲ್ಲಿ ಉಳಿದ ಕೆಸರನ್ನು ಬಿಸಾಡದೆ, ಮುಂದಿನ ಸಲದ ಹೊಸ ಕೊಳಚೆಗೆ ಸೇರಿಸಿದರು. ಪ್ರತಿ ಸಲವೂ ಹಾಗೆಯೇ ಮಾಡುತ್ತ ಬಂದಾಗ, ವಾರಗಟ್ಟಲೆಯ ಕೆಲಸ ಒಂದು ದಿನದೊಳಗೆ ಆಗತೊಡಗಿತು. 1914ರ ಏಪ್ರಿಲ್‌ನಲ್ಲಿ ಅವರು ಇದನ್ನು ಸಭೆಯ ಮುಂದೆ ಮಂಡಿಸಿದರು.

ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಇಂದಿನ ಮೊಸರಿನಲ್ಲಿ ಒಂದು ಚಮಚ ಉಳಿಸಿ ನಾಳೆಯ ಹಾಲಿಗೆ ಹಾಕುವುದಿಲ್ಲವೇ? ಇದು ಕೊಳಚೆಗೆ ಹಾಕುವ ಹೆಪ್ಪು. ಹೆಪ್ಪು ಸತ್ತರೆ ಹಾಲು ಒಡೆಯುತ್ತದೆ, ಮೊಸರಾಗುವುದಿಲ್ಲ. ಇಲ್ಲಿಯೂ ಗಾಳಿ ಊದುವ ಯಂತ್ರ ಗಂಟೆಗಟ್ಟಲೆ ನಿಂತರೆ ಹೆಪ್ಪು ಸಾಯತೊಡಗುತ್ತದೆ. ಮತ್ತೆ ಬೆಳೆಸಲು ವಾರಗಳು ಬೇಕು.

ಆ ಇಬ್ಬರಿಗೆ ದಾರಿ ತೋರಿಸಿದ ಗುರು ಗಿಲ್ಬರ್ಟ್ ಫೌಲರ್. ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಜಗತ್ತೆಲ್ಲ ಬಳಸುವ ಈ ವಿಧಾನದ ಹಿಂದಿನ ಮನುಷ್ಯ ನಮ್ಮ ಕರ್ನಾಟಕದಲ್ಲೇ ಪಾಠ ಹೇಳಿದ್ದರು ಎಂಬುದು ನೆನಪಿಡಬೇಕಾದ ಮಾತು.

ಗಾಳಿ ತೊಟ್ಟಿಯಿಂದ ನೀರು ಒಂದು ದುಂಡು ತೊಟ್ಟಿಗೆ ಬರುತ್ತದೆ. ಅಲ್ಲಿ ಗಲಾಟೆ ಇಲ್ಲ. ಕೆಸರು ಕೆಳಗೆ ಕೂರುತ್ತದೆ, ತಿಳಿ ನೀರು ಅಂಚಿನಿಂದ ಇಳಿಯುತ್ತದೆ. ಕೆಸರಿನಲ್ಲಿ ಸ್ವಲ್ಪ ಮತ್ತೆ ಹೆಪ್ಪಿಗೆ, ಉಳಿದದ್ದು ಒಣಗಿಸುವ ಅಂಗಳಕ್ಕೆ. ಕೊನೆಗೆ ರೋಗಾಣು ಕೊಲ್ಲಲು ಕ್ಲೋರಿನ್ ಸೇರಿಸಿ ಹೊಳೆಗೆ ಬಿಡುತ್ತಾರೆ. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಬಾವಿ ನೀರಿನ ಹಾಗೆ.

"ಇದ್ ಕುಡುಕ್ ಆತ್ತಾ?" ಎಂದ ಹುಡುಗ.

ಆಗುವುದಿಲ್ಲ. ತೋಟಕ್ಕೆ ಬಿಡಬಹುದು, ಹೊಳೆಗೆ ಬಿಡಬಹುದು. ಕಣ್ಣಿಗೆ ತಿಳಿಯಾಗಿ ಕಂಡದ್ದೆಲ್ಲ ಕುಡಿಯುವ ನೀರಲ್ಲ.

ಆ ರಾತ್ರಿ ಏನಾಯಿತು

ಇಷ್ಟೆಲ್ಲ ಚೆನ್ನಾಗಿದ್ದ ಮೇಲೆ ಹೊಳೆ ಕೆಟ್ಟದ್ದು ಹೇಗೆ? ಅಳಿಯ ನಮ್ಮನ್ನು ಗೇಟಿನ ಪಕ್ಕದ ಆಳದ ಬಾವಿಯ ಹತ್ತಿರ ಕರೆದುಕೊಂಡು ಹೋದ. ಊರಿನ ಕೊಳಚೆಯೆಲ್ಲ ಮೊದಲು ಬಂದು ಬೀಳುವುದು ಇದರಲ್ಲಿ. ವೆಟ್‌ವೆಲ್ ಎನ್ನುತ್ತಾರೆ. ಇಲ್ಲಿಂದ ಪಂಪು ಅದನ್ನು ಮೇಲಿನ ಜರಡಿಗೆ ಎತ್ತುತ್ತದೆ. ಪಂಪು ನಿಂತರೂ ಊರಿನವರ ನಲ್ಲಿ ನಿಲ್ಲುವುದಿಲ್ಲ. ಬಾವಿ ತುಂಬುತ್ತದೆ, ಉಕ್ಕುತ್ತದೆ, ತೋಡಿಗೆ ಹೋಗುತ್ತದೆ. ಆ ರಾತ್ರಿ ಹಾಗೆ ಹೋದದ್ದು ಸುಮಾರು ಎರಡು ಲಕ್ಷ ಲೀಟರ್ ಎಂದು ಅವನ ಅಂದಾಜು.

ಮಳೆಗಾಲವಾಗಿದ್ದರೆ ಹೊಳೆ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮೇ ತಿಂಗಳಲ್ಲಿ ಹೊಳೆಯಲ್ಲಿ ಇದ್ದದ್ದೇ ಮೊಣಕಾಲಿನವರೆಗೆ ನೀರು. ನಮ್ಮ ಸೆಖೆಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಮೀನು ನೆಮ್ಮದಿಯಾಗಿ ಇರಬೇಕಾದರೆ 4–5 ಮಿಲಿಗ್ರಾಂ ಆದರೂ ಬೇಕು. ತೊಟ್ಟಿಯೊಳಗೆ ಕೊಳೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ನಾವು ಗಾಳಿ ಊದಿ ಕೊಡುತ್ತೇವೆ. ಹೊಳೆಯಲ್ಲಿ ಕೊಡುವವರು ಯಾರು? ಅವು ಮೀನಿನ ಪಾಲಿನದನ್ನೇ ಎಳೆದುಕೊಳ್ಳುತ್ತವೆ. ಅದಕ್ಕೇ ಆ ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದದ್ದು.

ತೋಡಿನ ಕೆಳಗಿನ ಮನೆಯೊಂದರ ಅಮ್ಮ ಪರಿಶೀಲನೆಗೆ ಬಂದವರನ್ನು ನೋಡಿ ಅಲ್ಲಿಗೇ ಬಂದರು. ಸಿಟ್ಟು ಮಾಡಲಿಲ್ಲ. "ಕರೆಂಟ್ ಹೋಪುದು, ಮಿಷನ್ ಹಾಳಾಪುದು ಯಾರ ಕೈಯಗೂ ಇಲ್ಲ. ಆದ್ರೆ ನಮಗೆ ಹೇಳುಕಾಗಿತ್ತಲ್ಲ? ರಿಕ್ಷಾದಲ್ಲಿ ಮೈಕ್ ಕಟ್ಟಿ ಹೇಳದ್ದು ಮರುದಿನ ಮಧ್ಯಾಹ್ನ. ಅಷ್ಟ್ ಹೊತ್ತಿಗೆ ಮಕ್ಕಳ್ ಬಾವಿ ನೀರ್ ಕುಡ್ದ್ ಆಯ್ತ್. ಬೆಳಿಗ್ಗೆಯೇ ಗೊತ್ತಿದ್ರೆ ಕುದ್ಸಿ ಕೊಡ್ತಿದ್ದೆ" ಎಂದರು. ಅವರ ಮನೆಯ ಸಣ್ಣ ಹುಡುಗಿಗೆ ಎರಡು ದಿನ ವಾಂತಿಭೇದಿಯಾಗಿತ್ತು. ಪುಣ್ಯಕ್ಕೆ ಗುಣವಾಗಿತ್ತು.

ಅವರು ಹೇಳಿದ್ದು ಬರೀ ಮನುಷ್ಯತ್ವದ ಮಾತಲ್ಲ, ಕಾನೂನಿನ ಮಾತೂ ಹೌದು. 1974ರ ಜಲ ಕಾಯ್ದೆಯ 31ನೆಯ ಕಲಮಿನಂತೆ, ಆಕಸ್ಮಿಕವಾಗಿ ಕೊಳಚೆ ಹೊಳೆಗೋ ಬಾವಿಗೋ ಸೇರಿದರೆ ಆ ಜಾಗದ ಹೊಣೆ ಹೊತ್ತವರು ಕೂಡಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು.

ಏಪ್ರಿಲ್ 31

ಇನ್ನು ನನ್ನ ಕೆಲಸ. ಆಫೀಸಿನ ಮೇಜಿನ ಮೇಲೆ ರಿಜಿಸ್ಟರುಗಳನ್ನು ತಂದಿಟ್ಟರು. ಪ್ರತಿದಿನ ಎಷ್ಟು ನೀರು ಬಂತು, ಎಷ್ಟು ಹೋಯಿತು, ಗಾಳಿ ಯಂತ್ರ ಎಷ್ಟು ಗಂಟೆ ಓಡಿತು, ಕ್ಲೋರಿನ್ ಎಷ್ಟು, ಜನರೇಟರ್ ಪರೀಕ್ಷೆ ಆಯಿತೇ ಎಂದೆಲ್ಲ ಬರೆಯುವ ಪುಸ್ತಕ. ಅದರಲ್ಲಿ ಒಂದು ಕಾಲಂ ಮಕ್ಕಳಿಗೆ ಇಷ್ಟವಾಗುವಂಥದ್ದು. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಉದ್ದ ಗಾಜಿನ ಜಾಡಿಯಲ್ಲಿ ಹಿಡಿದು 30 ನಿಮಿಷ ಅಲ್ಲಾಡಿಸದೆ ಇಡುವುದು, ಕೆಸರು ಎಷ್ಟು ಮಿಲಿಲೀಟರಿಗೆ ಇಳಿಯಿತು ಎಂದು ಬರೆಯುವುದು. ಹೆಪ್ಪಿನ ಆರೋಗ್ಯ ಅದರಲ್ಲೇ ಗೊತ್ತಾಗುತ್ತದೆ.

ಜನವರಿಯಿಂದ ಏಪ್ರಿಲ್‌ವರೆಗಿನ ಹಾಳೆಗಳು ಮುತ್ತು ಪೋಣಿಸಿದಂತಿದ್ದವು. ಒಂದು ಚಿತ್ತಿಲ್ಲ, ಕಾಟಿಲ್ಲ. ಕೆಸರು ಪ್ರತಿದಿನ 250 ಮಿಲಿಲೀಟರ್. ಜನರೇಟರ್ ಪರೀಕ್ಷೆ ಪ್ರತಿ ವಾರ "ಸರಿ". ನಾಲ್ಕು ತಿಂಗಳೂ ಒಂದೇ ನೀಲಿ ಶಾಯಿ, ಸಹಿಯ ಓರೆ ಕೂಡ ಒಂದೇ. ಬ್ಯಾಂಕಿನಲ್ಲಿ ಇಂಥ ಲೆಡ್ಜರ್ ಸಿಕ್ಕಿದರೆ ಹಳೆಯ ತಪಾಸಣೆಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ದಿನವೂ ಬರೆದ ಪುಸ್ತಕಕ್ಕೆ ದಿನದ ಗುರುತು ಇರುತ್ತದೆ. ಒಂದು ದಿನ ಶಾಯಿ ಮುಗಿದಿರುತ್ತದೆ, ಒಂದು ದಿನ ಕೈ ಅವಸರದಲ್ಲಿರುತ್ತದೆ, ಒಂದು ದಿನ ಚಹಾದ ಕಲೆ ಬಿದ್ದಿರುತ್ತದೆ. ಇದು ಒಂದೇ ಸಲ ಕೂತು ಬರೆದದ್ದು.

ಆದರೆ ಅನುಮಾನ ಸಾಕ್ಷಿಯಲ್ಲ. ಸಾಕ್ಷಿ ಸಿಕ್ಕಿದ್ದು ಮೊಮ್ಮಗನಿಗೆ. ಅವನು ಪಕ್ಕದಲ್ಲಿ ಕೂತು ಮುಷ್ಟಿಯ ಗೆಣ್ಣು ಎಣಿಸುತ್ತಿದ್ದ. ಉಬ್ಬಿದ ಗೆಣ್ಣಿಗೆ 31 ದಿನ, ತಗ್ಗಿಗೆ 30, ಫೆಬ್ರವರಿ ಬೇರೆ ಎಂದು ನಾನೇ ಕಲಿಸಿದ ಲೆಕ್ಕ. "ಅಜ್ಜಯ್ಯ, ಏಪ್ರಿಲ್ಲಿಗೆ ಮೂವತ್ತೊಂದ್ ಇತ್ತಾ?" ಎಂದ.

ನೋಡಿದೆ. ಏಪ್ರಿಲ್ 31. ಕೆಸರು 250 ಮಿಲಿಲೀಟರ್. ಜನರೇಟರ್ ಸರಿ. ಕೆಳಗೆ ಅಂದವಾದ ಸಹಿ. ಪಂಚಾಂಗದಲ್ಲೇ ಇಲ್ಲದ ದಿನ ಜನರೇಟರನ್ನು ಪರೀಕ್ಷೆ ಮಾಡಿದ್ದರು!

ಮೇ ತಿಂಗಳಿಂದ ಬರಹ ಬೇರೆ. ರಾತ್ರಿ ಪಾಳಿಯ ಆ ಹುಡುಗ ಕೆಲಸಕ್ಕೆ ಸೇರಿದ್ದು ಆಗಲೇ. ಬಾಗಲಕೋಟೆಯ ಕಡೆಯವನು, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಅಕ್ಷರ ಸೊಟ್ಟ, ಶಾಯಿ ಮೂರು ಬಣ್ಣ. ಆದರೆ ಕೆಸರು ಒಂದು ದಿನ 180, ಇನ್ನೊಂದು ದಿನ 240, ಮತ್ತೊಂದು ದಿನ 310. ಇದು ಜೀವ ಇರುವ ತೊಟ್ಟಿಯ ಲೆಕ್ಕ. ಅಪಘಾತಕ್ಕೆ ಎಂಟು ದಿನ ಮೊದಲಿನ ಸಾಲಿನಲ್ಲಿ ಅವನು ಬರೆದಿದ್ದ: "ಜನರೇಟರ್ ಬ್ಯಾಟರಿ ಇಳಿದಿದೆ. ಮೇಲಿನವರಿಗೆ ಹೇಳಿದ್ದೇನೆ." ಆ ರಾತ್ರಿಯ ಸಾಲು: "2.10ಕ್ಕೆ ಕರೆಂಟ್ ಹೋಯಿತು. ಜನರೇಟರ್ ಎತ್ತಲಿಲ್ಲ. 2.20, 2.35, 3.05ಕ್ಕೆ ಫೋನ್ ಮಾಡಿದೆ. 3.15ಕ್ಕೆ ತೋಡಿಗೆ ಉಕ್ಕಿತು. 4.45ಕ್ಕೆ ಕರೆಂಟ್ ಬಂತು."

ಹುಡುಗ ಬಾಗಿಲ ಹತ್ತಿರ ನಿಂತಿದ್ದ. "ಮೂರ್ ಸಲ ಫೋನ್ ಹಚ್ಚೀನ್ರೀ ಅಜ್ಜಾರ, ಯಾರೂ ಎತ್ತಲಿಲ್ರೀ" ಎಂದ. ನಾನು ಕೂತಿದ್ದ ಕುರ್ಚಿಯ ಪಕ್ಕದಲ್ಲಿ ಅವನನ್ನು ಕೂರಿಸಿದೆ. ಅವನ ಫೋನಿನಲ್ಲಿದ್ದ ಸಮಯ ಪುಸ್ತಕದ ಸಮಯದ ಜೊತೆ ತಾಳೆಯಾಯಿತು. ಅಳಿಯ ಎರಡನ್ನೂ ವರದಿಗೆ ಸೇರಿಸಿದ.

ಆ ಹೊಳೆ ಕೆಟ್ಟದ್ದು ಮೇ ತಿಂಗಳ ಗುಡುಗಿನಿಂದಲ್ಲ. ನಾಲ್ಕು ತಿಂಗಳು "ಸರಿ, ಸರಿ" ಎಂದು ಸುಳ್ಳು ಬರೆದದ್ದರಿಂದ. ಗುಡುಗು ಬಂದದ್ದರಿಂದ ಅದು ಹೊರಗೆ ಬಿತ್ತು.

ಕೋಲಾರದ ನೊರೆ

ಇದು ಒಂದು ಊರಿನ ಕಥೆಯಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧ ಮಾಡಿ ಕೋಲಾರ ಜಿಲ್ಲೆಯ ಒಣಗಿದ ಕೆರೆಗಳಿಗೆ ತುಂಬಿಸುವ ಯೋಜನೆ ಇದೆ. 2018ರ ಜೂನ್‌ನಲ್ಲಿ ಆ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಅಲ್ಲಿಯ ಜನ ಸಂತೋಷಪಟ್ಟರು. ಜುಲೈನಲ್ಲಿ ನೀರಿನ ಮೇಲೆ ಬಿಳಿ ನೊರೆ ಎದ್ದಿತು. ನೀರು ನಿಲ್ಲಿಸಿದರು. ವಿಷಯ ಹೈಕೋರ್ಟಿಗೆ ಹೋಯಿತು, ತಡೆಯಾಜ್ಞೆ ಬಂತು. ಮುಂದೆ ನೀರು ಮತ್ತೆ ಹರಿಯಿತು, ಕೆರೆಗಳು ತುಂಬಿದವು.

ಅಲ್ಲಿಯ ರೈತರು ನೀರು ಬೇಡ ಎಂದು ಹೇಳಿದ್ದಲ್ಲ. ಬರುವ ನೀರು ಎಂಥದ್ದು ಎಂದು ಅಳೆಯಿರಿ, ಅಳೆದದ್ದನ್ನು ನಮಗೂ ತೋರಿಸಿ ಎಂದದ್ದು. ಅಳತೆಗೆ ನಿಯಮ ಇದೆ. ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಎಂಬುದರಿಂದ ನೀರಿನ ಕೊಳೆಯನ್ನು ಅಳೆಯುತ್ತಾರೆ. ಅದನ್ನು ಬಿಒಡಿ ಎನ್ನುತ್ತಾರೆ. ಮನೆಗಳಿಂದ ಬರುವ ಕೊಳಚೆಯಲ್ಲಿ ಲೀಟರಿಗೆ 200–300 ಮಿಲಿಗ್ರಾಂ ಇರುತ್ತದೆ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ ಘಟಕದಿಂದ ಹೊರಗೆ ಬಿಡುವಾಗ ಅದು ಮಹಾನಗರಗಳಲ್ಲಿ 20, ಉಳಿದ ಊರುಗಳಲ್ಲಿ 30 ಮಿಲಿಗ್ರಾಂ ದಾಟಬಾರದು ಎಂದಿತ್ತು.

ನಾವು ನೋಡಿದ ಘಟಕದಲ್ಲಿ ಈಗ ಕೆಲವು ಬದಲಾವಣೆಗಳಾಗಿವೆ. ಹೊಸ ಬ್ಯಾಟರಿ ಬಂದಿದೆ. ಪ್ರತಿ ಸೋಮವಾರ ಇಬ್ಬರ ಎದುರಿನಲ್ಲಿ ಜನರೇಟರ್ ಓಡಿಸಿ ಇಬ್ಬರೂ ಸಹಿ ಹಾಕುತ್ತಾರೆ, ಬ್ಯಾಂಕಿನ ತಿಜೋರಿಗೆ ಎರಡು ಕೀಲಿ ಇದ್ದ ಹಾಗೆ. ತೋಡಿನ ಕೆಳಗಿನ ಮನೆಗಳ ಫೋನ್ ನಂಬರುಗಳನ್ನು ಗೋಡೆಯ ಮೇಲೆ ಅಂಟಿಸಿದ್ದಾರೆ. ಬಾಗಲಕೋಟೆಯ ಹುಡುಗ ಅಲ್ಲೇ ಇದ್ದಾನೆ. ಉಕ್ಕಿದ ನೀರನ್ನು ಹಿಡಿದಿಡಲು ಇನ್ನೊಂದು ತೊಟ್ಟಿ ಬೇಕು ಎಂದು ಅಳಿಯ ಬರೆದದ್ದು ಮಾತ್ರ ಇನ್ನೂ ಆಗಿಲ್ಲ.

ನೀವು ಮಾಡಬಹುದಾದದ್ದು

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಹುರಿದು ಉಳಿದ ಎಣ್ಣೆ, ಹಳೆಯ ಮಾತ್ರೆ, ಹರಿದ ಬಟ್ಟೆ ಇವನ್ನು ಬಚ್ಚಲಿಗೋ ಪಾಯಿಖಾನೆಗೋ ಹಾಕಬೇಡಿ. ಎಣ್ಣೆ ಪೈಪಿನಲ್ಲಿ ಗಟ್ಟಿಯಾಗುತ್ತದೆ, ಬಟ್ಟೆ ಪಂಪಿಗೆ ಸುತ್ತಿಕೊಳ್ಳುತ್ತದೆ. ಹಳ್ಳಿಯಲ್ಲಿ ಹೊಸದಾಗಿ ಪಾಯಿಖಾನೆಯ ಗುಂಡಿ ತೋಡುವಾಗ, ನಮ್ಮ ಹಿರಿಯರು ನೋಡುತ್ತಿದ್ದ ಹಾಗೆ, ನಿಮ್ಮ ಬಾವಿ ಮಾತ್ರವಲ್ಲ, ಪಕ್ಕದ ಮನೆಯ ಬಾವಿಯೂ ಎಲ್ಲಿದೆ ಎಂದು ನೋಡಿ.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಊರಿನ ಹೊಳೆಗೋ ತೋಡಿಗೋ ಒಂದು ಪುಸ್ತಕ ಇಡಿ. ನೂರು ಪುಟದ ನೋಟ್‌ಬುಕ್ಕು ಸಾಕು. ವಾರಕ್ಕೆ ಒಮ್ಮೆ, ದೊಡ್ಡವರ ಜೊತೆಯಲ್ಲಿ, ದಡದ ಮೇಲೇ ನಿಂತು ನೋಡಿ. ನೀರಿನ ಬಣ್ಣ ಏನು? ವಾಸನೆ ಇದೆಯೇ? ನೊರೆ ಇದೆಯೇ? ಮೀನು ನೀರಿನೊಳಗೆ ಓಡಾಡುತ್ತಿದೆಯೇ, ಮೇಲೆ ಬಂದು ಬಾಯಿ ತೆರೆಯುತ್ತಿದೆಯೇ? ಕೊಕ್ಕರೆ ಬಂದಿದೆಯೇ? ಕಂಡದ್ದನ್ನು ತಾರೀಕು, ಗಂಟೆ ಹಾಕಿ ಬರೆಯಿರಿ. ಕಾಣದ್ದನ್ನು ಬರೆಯಬೇಡಿ. ಒಂದು ವಾರ ಹೋಗಲಾಗದಿದ್ದರೆ "ಹೋಗಲಿಲ್ಲ" ಎಂದೇ ಬರೆಯಿರಿ, ಅದೂ ನಿಜವಾದ ಲೆಕ್ಕವೇ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ.

ಒಂದು ದಿನ ನೀರು ಬೇರೆಯಾಗಿ ಕಂಡರೆ ಮೊದಲು ಮನೆಯವರಿಗೆ, ಬಾವಿ ಇರುವ ಪಕ್ಕದ ಮನೆಯವರಿಗೆ ಹೇಳಿ, ಆಮೇಲೆ ಪಂಚಾಯತಿಗೆ. ಆಗ ನಿಮ್ಮ ಪುಸ್ತಕ ಕೈಯಲ್ಲಿರಲಿ. ಏಪ್ರಿಲ್ ತಿಂಗಳಿಗೆ ಮೂವತ್ತೇ ದಿನ ಎಂಬುದು ನೆನಪಿರಲಿ.